ಸಮನೆಲದ ಶಾಸನ: ವಿದ್ಯುತ್ ಸ್ಕೂಟರಿನ ನಿಯಮಗಳ ಒಂದು ಪಾಠವಿಮರ್ಶೆ

ಚರಿತ್ರೆಯ ಅಭ್ಯಾಸಿಗಳಾದ ನಮಗೆ ಶಾಸನವೆಂದೊಡನೆ ಕಲ್ಲು ತಾಮ್ರಗಳ ನೆನಪಾಗುವುದು ಸಹಜ. ಕೊಪ್ಪ ಸೀಮೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1901ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 6ನೆಯ ಸಂಪುಟದಲ್ಲಿ, ಅಂದಿನ ಕಡೂರು ಜಿಲ್ಲೆಯ ಶಾಸನಗಳೊಡನೆ ಪ್ರಕಟಿಸಿದರು. ಇಂಥ ಒಂದು ದಾನಶಾಸನವನ್ನು ಕೈಗೆತ್ತಿಕೊಂಡಾಗ ನಾವು ಕೇಳುವ ಪ್ರಶ್ನೆಗಳು ಮೂರು. ಪಾಠ ಶುದ್ಧವಾಗಿದೆಯೆ? ಇದರ ಮಾತುಗಳು ಬೇರೆಲ್ಲಿಂದಾದರೂ ಬಂದವೆ? ಬರೆದವನಿಗೆ ತಾನು ಹೇಳುತ್ತಿರುವ ನೆಲದ ಪರಿಚಯವಿತ್ತೆ? ಮೂರನೆಯ ಪ್ರಶ್ನೆಗೆ ಹಳೆಯ ಶಾಸನಗಳು ಸಾಮಾನ್ಯವಾಗಿ ಚೆನ್ನಾಗಿಯೇ ಉತ್ತರ ಕೊಡುತ್ತವೆ. ಭೂಮಿಯನ್ನು ದಾನ ಕೊಟ್ಟಾಗ ಮೂಡಲಿಗೆ ಯಾವ ಗುಡ್ಡ, ಪಡುವಲಿಗೆ ಯಾವ ಹಳ್ಳ, ಎಲ್ಲಿ ಮರ, ಎಲ್ಲಿ ನಟ್ಟ ಕಲ್ಲು ಎಂಬುದನ್ನು ಎಲ್ಲೆಯ ವಿವರದಲ್ಲಿ ಹೇಳದೆ ಬಿಡುತ್ತಿರಲಿಲ್ಲ.

ಈ ಮೂರು ಪ್ರಶ್ನೆಗಳನ್ನು ನಮ್ಮ ಕಾಲದ ಶಾಸನವೊಂದಕ್ಕೆ ಹಾಕಿ ನೋಡಬೇಕೆಂಬುದು ಈ ಲೇಖನದ ಉದ್ದೇಶ. ಶಾಸನವೆಂಬ ಒಂದೇ ಶಬ್ದ ಕನ್ನಡದಲ್ಲಿ ಕಲ್ಬರಹಕ್ಕೂ ಕಾಯಿದೆಗೂ ಸಲ್ಲುವುದರಿಂದ ವಾಚಕರು ಇದನ್ನು ಅನಧಿಕಾರ ಪ್ರವೇಶವೆಂದು ಭಾವಿಸಲಾರರೆಂದು ನಂಬಿದ್ದೇವೆ. ಇಲ್ಲಿ ಪರಿಶೀಲಿಸುವ ಪಾಠ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 2ನೆಯ ನಿಯಮದ ‘ಯು’ ಖಂಡ. 2005ರ ತಿದ್ದುಪಡಿಯಿಂದ ಸೇರಿದ ಈ ಖಂಡ ‘ಬ್ಯಾಟರಿಚಾಲಿತ ವಾಹನ’ವೆಂದರೇನೆಂಬುದನ್ನು ಹೇಳುತ್ತದೆ. ಪಾಠವನ್ನು ಒರೆಗೆ ಹಚ್ಚಲು ನಾವು ಆರಿಸಿಕೊಂಡ ನೆಲ ಸೀತೂರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಈ ಸೀಮೆಯಲ್ಲಿ ಅಡಕೆಯ ತೋಟ ಕಣಿವೆಯಲ್ಲಿ, ಮನೆ ಅದರ ಮೇಲೆ, ಬಸ್ಸು ಬರುವ ರಸ್ತೆ ಇನ್ನೂ ಮೇಲೆ. ಮನೆಗಳು ಒಂದರ ಪಕ್ಕ ಒಂದಿಲ್ಲ. ಹಾಲು ಹಾಕುವುದಕ್ಕೆ, ನ್ಯಾಯಬೆಲೆ ಅಂಗಡಿಗೆ, ಆಸ್ಪತ್ರೆಗೆ, ಕಾಲೇಜಿಗೆ ಹೋಗಬೇಕಾದವರು ಒಂದು ಏರನ್ನಾದರೂ ಹತ್ತಲೇಬೇಕು, ಹಿಂತಿರುಗುವಾಗ ಅದನ್ನೇ ಇಳಿಯಬೇಕು. ಬಸ್ಸಿನ ವೇಳೆಗೆ ಕಾದು ಬೇಸತ್ತವರಿಗೆ ಮನೆಯ ಗೋಡೆಯ ಪ್ಲಗ್ಗಿನಲ್ಲೇ ಚಾರ್ಜು ಮಾಡಿಕೊಳ್ಳಬಹುದಾದ ‘ಬ್ಯಾಟರಿ ಗಾಡಿ’ ಆಕರ್ಷಕವಾಗಿ ಕಂಡರೆ ಆಶ್ಚರ್ಯವಿಲ್ಲ. ಅದರಲ್ಲಿಯೂ ಲೈಸೆನ್ಸು ಬೇಡ, ನಂಬರು ಬೇಡ ಎಂಬ ಮಾತನ್ನು ಅಂಗಡಿಯವನು ಸೇರಿಸಿದಾಗ ಕೇಳುವುದೇನು!

ಆ ಮಾತಿಗೆ ಆಧಾರ ಮೇಲ್ಕಾಣಿಸಿದ ಖಂಡದ ಪರಂತುಕ. ಅದರ ತಾತ್ಪರ್ಯ ಹೀಗಿದೆ: ಮೋಟಾರಿನ ಮೂವತ್ತು ನಿಮಿಷಗಳ ಶಕ್ತಿ 0.25 ಕಿಲೋವಾಟಿಗಿಂತ ಕಡಿಮೆಯಿದ್ದು, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆಯಿದ್ದರೆ, ತಕ್ಕ ಬ್ರೇಕುಗಳೂ, ಮುಂದೆ ಬಿಳಿಯ ಹಿಂದೆ ಕೆಂಪಿನ ಪ್ರತಿಫಲಕಗಳೂ ಇದ್ದರೆ, ಬ್ಯಾಟರಿಯನ್ನು ಬಿಟ್ಟು ಗಾಡಿಯ ತೂಕ 60 ಕಿಲೋಗ್ರಾಮನ್ನು ಮೀರದಿದ್ದರೆ, ಹಾಗೆಂದು ನಿಯಮಗಳಲ್ಲಿ ಹೆಸರಿಸಿದ ಪರೀಕ್ಷಾಸಂಸ್ಥೆಯೊಂದು ಪರಿಶೀಲಿಸಿ ಒಪ್ಪಿದ್ದರೆ, ಆ ಗಾಡಿ ಮೋಟಾರು ವಾಹನವೆಂದು ಎಣಿಸಲ್ಪಡತಕ್ಕುದಲ್ಲ. ಮೋಟಾರು ವಾಹನವಲ್ಲದ ಮೇಲೆ 1988ರ ಮೋಟಾರು ವಾಹನ ಕಾಯಿದೆಯ ಲೈಸೆನ್ಸು, ನೋಂದಣಿ, ಕಡ್ಡಾಯ ವಿಮೆ, ಶಿರಸ್ತ್ರಾಣ ಇವು ಯಾವುವೂ ಅದಕ್ಕೆ ತಗಲುವುದಿಲ್ಲ. ಈ ಅಳತೆಯನ್ನು ಎಳ್ಳಷ್ಟು ಮೀರಿದ ಗಾಡಿಗೆ ಇವೆಲ್ಲವೂ ತಗಲುತ್ತವೆ. 2018ರ ಆಜ್ಞೆಯಂತೆ ಅದಕ್ಕೆ ಹಸುರು ಹಲಗೆಯ ನಂಬರು ಬೇಕು. 2021ರ ಆಗಸ್ಟಿನ ಆಜ್ಞೆಯಿಂದ ನೋಂದಣಿಯ ಶುಲ್ಕಕ್ಕೆ ವಿನಾಯಿತಿ ದೊರೆಯಿತಾದರೂ ನೋಂದಣಿಗೆ ವಿನಾಯಿತಿ ದೊರೆಯಲಿಲ್ಲ. ಹೀಗೆ ನಡುವೆ ಏನೂ ಇಲ್ಲದ ಎರಡು ದಡಗಳು. ಒಂದು ದಡದಲ್ಲಿ ಕಾಯಿದೆಯೇ ಇಲ್ಲ. ಇನ್ನೊಂದರಲ್ಲಿ ಕಾಯಿದೆ ಸಮಗ್ರವಾಗಿದೆ.

ಮೊದಲು ಪಾಠಶುದ್ಧಿಯ ಮಾತು. ‘0.25 ಕಿಲೋವಾಟಿಗಿಂತ ಕಡಿಮೆ’ ಎಂದರೆ ಸರಿಯಾಗಿ 250 ವಾಟು ಇರುವ ಮೋಟಾರಿಗೆ ಈ ವಿನಾಯಿತಿ ಇಲ್ಲ. ಆದರೆ ಪೇಟೆಯಲ್ಲಿ ವಿನಾಯಿತಿಯ ಗಾಡಿಯೆಂದು ಮಾರಾಟವಾಗುವುದು ‘250 ವಾಟಿನ ಗಾಡಿ’ಯೆಂಬ ಹೆಸರಿನಲ್ಲಿಯೇ. ಇದು ಕೂದಲು ಸೀಳುವ ಚರ್ಚೆಯೆಂದು ತೋರಬಹುದು. ಆದರೆ ಇದೇ ವಿಷಯದಲ್ಲಿ ಯೂರೋಪಿನ ಪಾಠವನ್ನು ಪಕ್ಕದಲ್ಲಿಟ್ಟರೆ ಈ ಕೂದಲಿನ ಬೆಲೆ ತಿಳಿಯುತ್ತದೆ. ಯೂರೋಪು ಒಕ್ಕೂಟದ 2002ರ ನಿರ್ದೇಶವು ಸಹಾಯಕ ಮೋಟಾರಿರುವ ಸೈಕಲುಗಳನ್ನು ಮೋಟಾರು ಸೈಕಲುಗಳ ಗುಂಪಿನಿಂದ ಹೊರಗಿಟ್ಟಿತು. ಅಲ್ಲಿಯೂ ಸಂಖ್ಯೆಗಳು 0.25 ಕಿಲೋವಾಟು ಮತ್ತು 25 ಕಿ.ಮೀ. ಅದರ ಸ್ಥಾನದಲ್ಲಿ ಬಂದ 2013ರ ನಿಯಮ ‘250 ವಾಟು ಅಥವಾ ಅದಕ್ಕಿಂತ ಕಡಿಮೆ’ ಎಂದು ಸಂದೇಹಕ್ಕೆ ಎಡೆಯಿಲ್ಲದಂತೆ ಹೇಳಿತು. ಒಂದೇ ಜೋಡಿ ಸಂಖ್ಯೆ ಎರಡು ಭೂಖಂಡಗಳಲ್ಲಿ, ಮೂರೇ ವರ್ಷಗಳ ಅಂತರದಲ್ಲಿ ಕಾಣಿಸಿಕೊಂಡಾಗ ಅದನ್ನು ಕಾಕತಾಳೀಯವೆನ್ನಲು ಗ್ರಂಥಸಂಪಾದನೆಯ ರೂಢಿಯಿರುವ ಯಾರಿಗೂ ಮನಸ್ಸು ಬಾರದು.

ಪಾಠ ಪ್ರವಾಸ ಮಾಡುವಾಗ ಏನನ್ನು ಕಳೆದುಕೊಳ್ಳುತ್ತದೆಂಬುದು ಮುಖ್ಯವಾದ ಪ್ರಶ್ನೆ. ಯೂರೋಪಿನ ಪಾಠದಲ್ಲಿ ಮೋಟಾರು ಒಬ್ಬಂಟಿಯಲ್ಲ. ಸವಾರನ ಕಾಲು ಅದರ ಜೊತೆಗಿದೆ. ತುಳಿಯುವುದನ್ನು ನಿಲ್ಲಿಸಿದೊಡನೆ ಮೋಟಾರೂ ನಿಲ್ಲತಕ್ಕದ್ದೆಂದು ಆ ಪಾಠ ವಿಧಿಸುತ್ತದೆ. ಅಲ್ಲಿ 250 ವಾಟು ಎಂಬುದು ಕಾಲಿನ ಬಲಕ್ಕೆ ಸೇರಿಸಿದ ಕೈಗಾಣಿಕೆ ಮಾತ್ರ. ನಮ್ಮ ನಿಯಮವೂ ತುಳಿಯುವ ಸೈಕಲನ್ನು ಬಿಟ್ಟಿಲ್ಲ. ಆದರೆ ತುಳಿಗೋಲೇ ಇಲ್ಲದ, ಸೀಟಿನ ಮೇಲೆ ಕುಳಿತು ಕಾಲನ್ನು ಹಲಗೆಯ ಮೇಲಿಟ್ಟುಕೊಂಡು ಹೋಗುವ ಸ್ಕೂಟರನ್ನೂ ಅದೇ ಅಳತೆಯೊಳಗೆ ಸೇರಿಸಿತು. ಕಾಲು ಹೋಯಿತು, ಕಾಲಿಗಾಗಿ ಮಾಡಿದ ಸಂಖ್ಯೆ ಉಳಿಯಿತು.

ಇಲ್ಲಿ ಹೆಸರಿನ ಗೊಂದಲವೊಂದನ್ನು ಬಿಡಿಸಿಟ್ಟು ಮುಂದೆ ಹೋಗುವುದು ಒಳ್ಳೆಯದು. ಯಾವ ದೇಶದಲ್ಲಿ ವಿದ್ಯುತ್ ಸ್ಕೂಟರಿಗೆ ಯಾವ ನಿಯಮವೆಂದು ಹೋಲಿಸಿ ಕೊಡುವ ಪಟ್ಟಿಗಳು ಈಗ ಹೇರಳವಾಗಿವೆ. ವಿದ್ಯಾರ್ಥಿಗಳು ಅವನ್ನು ನಂಬಿ ಉಲ್ಲೇಖಿಸುವುದೂ ಉಂಟು. ಈ ಪಟ್ಟಿಗಳಲ್ಲಿ ಬಹುಪಾಲು ಒಂದು ಹೆಸರಿನಡಿ ಎರಡು ವಸ್ತುಗಳನ್ನು ಕೂಡಿಹಾಕಿರುತ್ತವೆ. ಯೂರೋಪಿನವರು ಆ ಹೆಸರಿನಿಂದ ಕರೆಯುವುದು ನಿಂತುಕೊಂಡು ಹೋಗುವ, ಮಡಚಿ ಕೈಯಲ್ಲಿ ಹಿಡಿಯಬಹುದಾದ ಸಣ್ಣ ಗಾಲಿಯ ಹಲಗೆಯನ್ನು. ನಮ್ಮವರು ಕರೆಯುವುದು ಕುಳಿತು ಹೋಗುವ ಗಾಡಿಯನ್ನು. ಜರ್ಮನಿಯು 2019ರ ಜೂನ್ 15ರಿಂದ ಜಾರಿಗೆ ತಂದ ನಿಯಮ ನಿಲ್ಲುವ ಗಾಡಿಯದು: ವೇಗ 20 ಕಿ.ಮೀ., ವಯಸ್ಸು 14, ಲೈಸೆನ್ಸು ಬೇಡ, ಆದರೆ ವಿಮೆಯ ಚೀಟಿ ಗಾಡಿಗೆ ಅಂಟಿರಲೇಬೇಕು. ಫ್ರಾನ್ಸಿನ 2019ರ ಆಜ್ಞೆಯದೂ ಅದೇ ಗಾಡಿ, 25 ಕಿ.ಮೀ. ಮಿತಿ. ಪ್ಯಾರಿಸ್ ನಗರವು 2023ರ ಏಪ್ರಿಲಿನಲ್ಲಿ ಮತ ತೆಗೆದು ಬಾಡಿಗೆಯ ಗಾಡಿಗಳನ್ನು ನಿಲ್ಲಿಸಿತು, ಸ್ವಂತ ಗಾಡಿಗಳನ್ನಲ್ಲ. ಸಿಂಗಪುರವು 2019ರ ನವೆಂಬರಿನಿಂದ ಕಾಲುದಾರಿಯ ಮೇಲೆ ಅವನ್ನು ನಿಷೇಧಿಸಿತು. ಜಪಾನು 2023ರ ಜುಲೈ 1ರಿಂದ 16 ವರ್ಷ ಮೀರಿದವರಿಗೆ ಲೈಸೆನ್ಸಿಲ್ಲದೆ 20 ಕಿ.ಮೀ. ವೇಗದವರೆಗೆ ಅನುಮತಿಯಿತ್ತಿತು. ಇಂಗ್ಲೆಂಡಿನ ಸ್ಥಿತಿ ಎಲ್ಲಕ್ಕಿಂತ ವಿಚಿತ್ರ. ಅಲ್ಲಿ 2020ರ ಜುಲೈಯಿಂದ ಪ್ರಯೋಗಾರ್ಥವಾಗಿ ಕೆಲವು ಊರುಗಳಲ್ಲಿ ಬಾಡಿಗೆಯ ಗಾಡಿಗೆ ಅನುಮತಿ ಬಂದಿತು, ಆದರೆ ಸ್ವಂತ ಹಣ ಕೊಟ್ಟು ಕೊಂಡ ಅಂಥದೇ ಗಾಡಿಯನ್ನು ಸಾರ್ವಜನಿಕ ರಸ್ತೆಗೆ ಇಳಿಸುವುದು ಅಪರಾಧವಾಗಿಯೇ ಉಳಿಯಿತು. ಇವುಗಳಿಂದ ಸೀತೂರಿನ ಸವಾರನಿಗೆ ನೇರವಾಗಿ ಕಲಿಯುವುದು ಹೆಚ್ಚಿಲ್ಲ. ಇವೆಲ್ಲವೂ ನಗರದ ಕಾಲುದಾರಿಯ ಜಗಳದಿಂದ ಹುಟ್ಟಿದ ನಿಯಮಗಳು. ನಮ್ಮ ಸೀಮೆಯಲ್ಲಿ ಜಗಳವಾಡಲು ಕಾಲುದಾರಿಯೇ ಇಲ್ಲ. ದರೆಯ ಪಕ್ಕದಲ್ಲಿ ಚರಂಡಿ, ಚರಂಡಿಯ ಪಕ್ಕದಲ್ಲಿ ರಸ್ತೆ.

ಹಾಗಾದರೆ ಈ ನೆಲದಲ್ಲಿ ನಮ್ಮ ನಿಯಮ ಹೇಗೆ ನಡೆದುಕೊಳ್ಳುತ್ತದೆ? ಇದನ್ನು ಅಭಿಪ್ರಾಯಕ್ಕೆ ಬಿಡಬೇಕಾಗಿಲ್ಲ. ಪ್ರೌಢಶಾಲೆಯ ಭೌತಶಾಸ್ತ್ರ ಸಾಕು. ಗಾಡಿ 60 ಕಿಲೋ, ಬ್ಯಾಟರಿ 15 ಕಿಲೋ, ಸವಾರ 65 ಕಿಲೋ, ಒಟ್ಟು 140 ಕಿಲೋ ಎಂದಿಟ್ಟುಕೊಳ್ಳೋಣ. ಮೋಟಾರಿನ 250 ವಾಟೂ ನಷ್ಟವಿಲ್ಲದೆ ಗಾಲಿಗೆ ಮುಟ್ಟುತ್ತದೆಂದು ಉದಾರವಾಗಿ ಒಪ್ಪೋಣ. ಸಮನೆಲದಲ್ಲಿ ಗಾಲಿಯ ಘರ್ಷಣೆಯನ್ನೂ ಗಾಳಿಯ ತಡೆಯನ್ನೂ ಗೆದ್ದು 25 ಕಿ.ಮೀ. ವೇಗದಲ್ಲಿ ಹೋಗಲು ಸುಮಾರು ಅಷ್ಟೇ ಶಕ್ತಿ ಬೇಕು. ಎಂದರೆ ನಿಯಮದ ಎರಡು ಸಂಖ್ಯೆಗಳು ಸಮನೆಲದಲ್ಲಿ ಒಂದಕ್ಕೊಂದು ಅಚ್ಚುಕಟ್ಟಾಗಿ ಹೊಂದುತ್ತವೆ. ಬರೆದವರು ಲೆಕ್ಕ ತಿಳಿಯದವರಲ್ಲ. ಈಗ 20ಕ್ಕೆ 1ರ ಏರನ್ನು ತೆಗೆದುಕೊಳ್ಳೋಣ: ಅದೇ ಗಾಡಿಯ ವೇಗ ಗಂಟೆಗೆ 10 ಕಿ.ಮೀ.ಗೆ ಇಳಿಯುತ್ತದೆ. ತೋಟದ ಮನೆಗಳಿಂದ ಮೇಲಿನ ರಸ್ತೆಗೆ ಹತ್ತುವ ದಾರಿಗಳಲ್ಲಿ ಅಪರೂಪವಲ್ಲದ 12ಕ್ಕೆ 1ರ ಏರಿನಲ್ಲಿ 6.7 ಕಿ.ಮೀ. ಹಿಂದೆ ಇನ್ನೊಬ್ಬರು ಕುಳಿತು ಒಟ್ಟು ತೂಕ 200 ಕಿಲೋ ಆದರೆ 4.7 ಕಿ.ಮೀ. ಇದು ನಡೆಯುವವನ ವೇಗ. ಪಶು ಆಹಾರದ ಒಂದು ಮೂಟೆಯನ್ನು ಹಲಗೆಯ ಮೇಲಿಟ್ಟುಕೊಂಡವನು ಗಾಡಿಯಿಂದಿಳಿದು ತಳ್ಳಬೇಕಾದೀತು.

ಆ 6.7 ಎಂಬ ಸಂಖ್ಯೆಯನ್ನು ಚರಿತ್ರೆಯ ವಿದ್ಯಾರ್ಥಿ ಬೇರೊಂದು ಕಡೆ ಹೆಚ್ಚುಕಡಿಮೆ ಇದೇ ರೂಪದಲ್ಲಿ ನೋಡಿದ್ದಾನೆ. ಇಂಗ್ಲೆಂಡಿನ 1865ರ ಲೋಕೊಮೋಟಿವ್ಸ್ ಕಾಯಿದೆ ಯಂತ್ರಚಾಲಿತ ಗಾಡಿಗಳಿಗೆ ಹಳ್ಳಿಯ ರಸ್ತೆಯಲ್ಲಿ ಗಂಟೆಗೆ 4 ಮೈಲಿ, ಪೇಟೆಯಲ್ಲಿ 2 ಮೈಲಿಯ ಮಿತಿಯನ್ನು ಹಾಕಿ, 60 ಗಜ ಮುಂದೆ ಕೆಂಪು ಬಾವುಟ ಹಿಡಿದವನೊಬ್ಬ ನಡೆಯಬೇಕೆಂದು ವಿಧಿಸಿತ್ತು. 4 ಮೈಲಿ ಎಂದರೆ 6.4 ಕಿ.ಮೀ. ಆ ಕಾಯಿದೆಯನ್ನು ನಾವು ತರಗತಿಯಲ್ಲಿ ನಗುತ್ತಲೇ ಹೇಳುತ್ತೇವೆ. 1896ರಲ್ಲಿ ಇಂಗ್ಲೆಂಡು ಆ ಬಂಧನವನ್ನು ಕಳಚಿ 14 ಮೈಲಿಗೆ ಏರಿಸಿತು. ವಿಕ್ಟೋರಿಯಾ ರಾಣಿಯ ಕಾಲದ ಶಾಸನಕಾರರು ತಿಳಿದೇ ಹಾಕಿದ ಮಿತಿ ನಮ್ಮ ಏರಿನ ಮೇಲೆ ಯಾರಿಗೂ ತಿಳಿಯದಂತೆ ಬಂದು ಕುಳಿತಿದೆ. ಬಾವುಟದವನೊಬ್ಬ ಮಾತ್ರ ಕಡಿಮೆ.

ನೆಲವನ್ನು ಹೆಸರಿಸುವ ಪಾಠ ಬರೆಯಲು ಸಾಧ್ಯವೇ ಇಲ್ಲವೆ? ಅಮೆರಿಕದ ಸಂಯುಕ್ತ ಸಂಸ್ಥಾನಗಳ 2002ರ ಕಾನೂನನ್ನು ನೋಡಬೇಕು. ಅದು ಸರಕುಗಳ ಸುರಕ್ಷತೆಗೆ ಸಂಬಂಧಿಸಿದ್ದು, ರಸ್ತೆಯ ಬಳಕೆಯನ್ನು ಆಯಾ ಸಂಸ್ಥಾನಗಳಿಗೆ ಬಿಟ್ಟದ್ದು. ಗಾಡಿಯೂ ತುಳಿಗೋಲಿರುವ ಸೈಕಲು. ಅಲ್ಲಿ ಮಿತಿ 750 ವಾಟಿಗಿಂತ ಕಡಿಮೆ, 20 ಮೈಲಿಗಿಂತ ಕಡಿಮೆ. ಆದರೆ ಆ 20 ಮೈಲಿಯನ್ನು ಎಲ್ಲಿ ಅಳೆಯಬೇಕೆಂಬುದನ್ನೂ ಪಾಠವೇ ಹೇಳುತ್ತದೆ: ಹಾಸಿದ ಸಮತಟ್ಟಾದ ರಸ್ತೆಯ ಮೇಲೆ, 170 ಪೌಂಡು ತೂಕದ ಸವಾರ ಕುಳಿತಿರುವಾಗ, ಮೋಟಾರೊಂದರಿಂದಲೇ ನಡೆಸಿದಾಗ. ಹಳೆಯ ದಾನಶಾಸನದ ಎಲ್ಲೆಯ ವಿವರದಂತೆ ನೆಲ, ತೂಕ, ಬಲ ಮೂರೂ ಅಲ್ಲಿವೆ. ನೆಲ ಸಮವೆಂದು ಒಪ್ಪಿಕೊಂಡದ್ದರಿಂದಲೇ ಏರಿಗೆ ಬೇಕಾದ ಹೆಚ್ಚಿನ ಶಕ್ತಿಯನ್ನು ಕೊಡಲು ಅದಕ್ಕೆ ಅಡ್ಡಿಯಾಗಲಿಲ್ಲ. ಬೆಟ್ಟಗಳ ದೇಶವಾದ ಸ್ವಿಟ್ಜರ್ಲೆಂಡು ಸುತ್ತಲಿನ ಯೂರೋಪು ಒಕ್ಕೂಟದ ಸಂಖ್ಯೆಯನ್ನು ಸ್ವೀಕರಿಸದೆ ನಿಧಾನ ವರ್ಗದ ವಿದ್ಯುತ್ ಸೈಕಲಿಗೆ 500 ವಾಟನ್ನು ಕೊಟ್ಟು, ಮೋಟಾರಿನ ನೆರವನ್ನು 25 ಕಿ.ಮೀ.ಗೇ ನಿಲ್ಲಿಸಿತು. ವೇಗ ಅದೇ, ಬಲ ಇಮ್ಮಡಿ. ನಾವು ಮೇಲೆ ಹಾಕಿದ ಲೆಕ್ಕದ ಪ್ರಕಾರ 12ಕ್ಕೆ 1ರ ಏರಿನಲ್ಲಿ 500 ವಾಟಿಗೆ 13 ಕಿ.ಮೀ., 750 ವಾಟಿಗೆ 20 ಕಿ.ಮೀ. ದೊರೆಯುತ್ತದೆ. ಎಂದರೆ ಬೆಟ್ಟದಲ್ಲಿ ಹೆಚ್ಚು ವಾಟು ಕೊಟ್ಟವನು ಹೆಚ್ಚು ವೇಗವನ್ನೇನೂ ಕೊಟ್ಟಂತಾಗಲಿಲ್ಲ. ಸಮನೆಲದವನಿಗೆ ಆಗಲೇ ಇರುವುದನ್ನು ಬೆಟ್ಟದವನಿಗೂ ಕೊಟ್ಟಂತಾಯಿತು.

ಭಾರತದ ಕಾನೂನಿಗೆ ಏರಿಳಿತದ ತಿಳುವಳಿಕೆಯೇ ಇಲ್ಲವೆಂದು ಹೇಳುವುದು ಅನ್ಯಾಯವಾದೀತು. ರಸ್ತೆಯ ಸಂಚಾರಕ್ಕೆ ಸಂಬಂಧಿಸಿದ 1989ರ ಕಟ್ಟಳೆಗಳಲ್ಲಿ, ಕಿರಿದಾದ ಬೆಟ್ಟದ ರಸ್ತೆಯಲ್ಲಿ ಇಳಿಯುವ ವಾಹನ ಏರುವ ವಾಹನಕ್ಕೆ ದಾರಿ ಬಿಡಬೇಕೆಂಬ ವಿಧಿಯಿತ್ತು. 2017ರಲ್ಲಿ ಅವುಗಳ ಬದಲಿಗೆ ಬಂದ ಹೊಸ ಕಟ್ಟಳೆಗಳೂ ಏರುವವನ ಹಕ್ಕನ್ನು ಕೈಬಿಡಲಿಲ್ಲ. ರಸ್ತೆ ಕಟ್ಟುವವರ ಶಾಸ್ತ್ರವಂತೂ ಇನ್ನೂ ಸ್ಪಷ್ಟ. ಇಂಡಿಯನ್ ರೋಡ್ಸ್ ಕಾಂಗ್ರೆಸಿನ ಮಾನದಂಡದಲ್ಲಿ ಬಯಲುಸೀಮೆಗೆ 30ಕ್ಕೆ 1 ಸಾಮಾನ್ಯ ಏರಾದರೆ ಬೆಟ್ಟದ ಸೀಮೆಗೆ 20ಕ್ಕೆ 1. ರಸ್ತೆಯನ್ನು ಕಟ್ಟುವಾಗ ಬಯಲು ಬೇರೆ, ಬೆಟ್ಟ ಬೇರೆ. ಅದರ ಮೇಲೆ ಗಾಡಿ ಎದುರಾದಾಗ ಏರುವವನು ಬೇರೆ, ಇಳಿಯುವವನು ಬೇರೆ. ಆದರೆ ಗಾಡಿಯನ್ನು ‘ಮೋಟಾರು ವಾಹನವಲ್ಲ’ವೆಂದು ಹೇಳುವಾಗ ಮಾತ್ರ ದೇಶವೆಲ್ಲ ಒಂದೇ ಚಾಪೆ. ಈ ವಿರೋಧ ಒಂದೇ ಶಾಸನಕುಟುಂಬದ ಒಳಗೇ ಇರುವುದರಿಂದ ನಮ್ಮ ಆಕ್ಷೇಪಣೆ ಹೊರಗಿನಿಂದ ತಂದದ್ದಲ್ಲ.

ಇದಕ್ಕೆ ಬರಬಹುದಾದ ಎರಡು ಸಮಾಧಾನಗಳನ್ನು ನೋಡಬೇಕು. ಮೊದಲನೆಯದು, ‘ಮೂವತ್ತು ನಿಮಿಷಗಳ ಶಕ್ತಿ’ಯೆಂದರೆ ಅರ್ಧ ಗಂಟೆ ತಡೆಯಿಲ್ಲದೆ ಕೊಡಬಲ್ಲ ಶಕ್ತಿ, ಸ್ವಲ್ಪ ಹೊತ್ತು ಮೋಟಾರು ಅದಕ್ಕಿಂತ ಹೆಚ್ಚು ಕೊಡಬಲ್ಲದು, ಆದುದರಿಂದ ಸಣ್ಣ ಏರನ್ನು ಹತ್ತೀತು ಎಂಬುದು. ಇದು ನಿಜ. ಆದರೆ ಸೇತುವೆಯ ಮೇಲಿನ ಏರು ಒಂದು, ಕಣಿವೆಯಿಂದ ಮೇಲೆ ಬರುವ ಏರು ಇನ್ನೊಂದು. ಬಿಸಿಯಾದ ಮೋಟಾರಿಗೆ ಆ ‘ಸ್ವಲ್ಪ ಹೊತ್ತು’ ಬೇಗ ಮುಗಿಯುತ್ತದೆ. ಮೇಲಾಗಿ ಈ ಸಂದಿಯೇ ಮೋಸಕ್ಕೆ ಬಾಗಿಲು. ಚೀಟಿಯ ಮೇಲೆ 250, ಒಳಗೆ ಅದಕ್ಕಿಂತ ಬಹು ಹೆಚ್ಚು; ಇಲ್ಲವೆ ಪರೀಕ್ಷೆಯ ಹೊತ್ತಿಗೆ 25 ಕಿ.ಮೀ.ಗೆ ಕಟ್ಟಿದ ವೇಗವನ್ನು ಮಾರಿದ ಮೇಲೆ ತಂತಿಯೊಂದನ್ನು ಕತ್ತರಿಸಿ ಬಿಚ್ಚಿಕೊಡುವುದು. ಹಾಗೆ ಬಿಚ್ಚಿದ ಕ್ಷಣದಿಂದ ಅದು ನೋಂದಣಿಯಿಲ್ಲದ, ವಿಮೆಯಿಲ್ಲದ ಮೋಟಾರು ವಾಹನ. ಅಪಘಾತವಾದರೆ ಪರಿಹಾರದ ಹೊರೆ ವಿಮಾ ಸಂಸ್ಥೆಯ ಮೇಲಲ್ಲ, ಮನೆಯ ಯಜಮಾನನ ಮೇಲೆ. ಅಂಗಡಿಯವನು ಹೇಳಿದ ‘ಲೈಸೆನ್ಸು ಬೇಡ’ವೆಂಬ ಮಾತಿನ ನಿಜವಾದ ಬೆಲೆ ಗೊತ್ತಾಗುವುದು ಆಗ. ಕೊಂಡವನನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಪಾಲಿಸಿದರೆ ಮನೆ ಸೇರಲಾಗದ ನಿಯಮವನ್ನು ಬರೆದವರೂ ಪೂರ್ತಿ ನಿರ್ದೋಷಿಗಳಲ್ಲ.

ಎರಡನೆಯ ಸಮಾಧಾನ ಹೆಚ್ಚು ಗೌರವಕ್ಕೆ ಅರ್ಹವಾದದ್ದು. ಲೈಸೆನ್ಸಿಲ್ಲದವನ ಕೈಗೆ ಬಲವಾದ ಯಂತ್ರವನ್ನು ಕೊಡಕೂಡದು. ಬಲ ಬೇಕಾದವನು ನೋಂದಣಿ ಮಾಡಿಸಿ, ಲೈಸೆನ್ಸು ಪಡೆದು ದೊಡ್ಡ ಗಾಡಿಯನ್ನು ಕೊಳ್ಳಲಿ ಎಂಬುದು. ಸರಕಾರದ ಇನ್ನೊಂದು ಕೈ ಹೀಗೆಯೇ ನಡೆದುಕೊಂಡಿತು. 2019ರಿಂದ 2024ರವರೆಗೆ ನಡೆದ ಫೇಮ್ ಯೋಜನೆಯ ಎರಡನೆಯ ಹಂತದಲ್ಲಿ ಸಹಾಯಧನ ದೊರೆಯುತ್ತಿದ್ದದ್ದು ಕನಿಷ್ಠ 40 ಕಿ.ಮೀ. ಗರಿಷ್ಠ ವೇಗವಿದ್ದ ದ್ವಿಚಕ್ರ ವಾಹನಗಳಿಗೆ. ಅಂದರೆ ಕಾಯಿದೆಯಿಂದ ವಿನಾಯಿತಿ ಪಡೆದ ಗಾಡಿಗೆ ಬೊಕ್ಕಸದ ನೆರವಿರಲಿಲ್ಲ, ನೆರವು ಪಡೆದ ಗಾಡಿಗೆ ವಿನಾಯಿತಿಯಿರಲಿಲ್ಲ. ವಯಸ್ಕನಾದ, ಹಣವುಳ್ಳ ತೋಟಗಾರನಿಗೆ ಈ ಸಮಾಧಾನ ಸಾಕು. ಅವನು ಹಸುರು ಹಲಗೆಯ ಗಾಡಿಯನ್ನು ಕೊಂಡು ಏರನ್ನು ಹತ್ತುತ್ತಾನೆ. ಸಾಲದಾಗುವುದು ಪದವಿಪೂರ್ವ ತರಗತಿಯ ಹುಡುಗಿಗೆ, ಮತ್ತು ಆಕೆಯ ವಿಷಯದಲ್ಲಿ ಕಾಯಿದೆಯ ಪಾಠ ಇನ್ನೂ ತೊಡಕಾಗುತ್ತದೆ.

ಕಾಯಿದೆಯ 4ನೆಯ ಪ್ರಕರಣದ ಪ್ರಕಾರ 18 ವರ್ಷ ತುಂಬದವರು ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನವನ್ನು ನಡೆಸಕೂಡದು. ಅದಕ್ಕೆ ಒಂದು ಅಪವಾದ: ಎಂಜಿನಿನ ಗಾತ್ರ 50 ಘನ ಸೆಂಟಿಮೀಟರನ್ನು ಮೀರದ ಮೋಟಾರು ಸೈಕಲನ್ನು 16 ತುಂಬಿದವರು ನಡೆಸಬಹುದು. ‘ಸಿಸಿ’ಯೆಂದು ಜನ ಕರೆಯುವ ಈ ಅಳತೆ ಸಿಲಿಂಡರಿನದು, ಪೆಟ್ರೋಲು ಉರಿಯುವ ಕೋಣೆಯದು. ವಿದ್ಯುತ್ ಮೋಟಾರಿಗೆ ಸಿಲಿಂಡರೇ ಇಲ್ಲ. ಹಾಗಿದ್ದರೆ ಅದರ ಗಾತ್ರ ಸೊನ್ನೆಯೆ, ಅಥವಾ ಅದಕ್ಕೆ ಗಾತ್ರವೆಂಬುದೇ ಅನ್ವಯಿಸದೆ? ಸೊನ್ನೆಯೆಂದು ಓದಿದರೆ ಎಷ್ಟು ಬಲವಾದ ವಿದ್ಯುತ್ ಗಾಡಿಯನ್ನಾದರೂ 16ರ ಹುಡುಗಿ ಲೈಸೆನ್ಸು ಪಡೆದು ನಡೆಸಬಹುದು. ಇನ್ನೂ ಮುಂದೆ ಹೋಗಿ, ನಾಲ್ಕಕ್ಕಿಂತ ಕಡಿಮೆ ಗಾಲಿಯಿದ್ದು 25 ಘನ ಸೆಂಟಿಮೀಟರನ್ನು ಮೀರದ ಎಂಜಿನಿರುವ ಗಾಡಿ ಮೋಟಾರು ವಾಹನವೇ ಅಲ್ಲವೆನ್ನುವ 2ನೆಯ ಪ್ರಕರಣದ 28ನೆಯ ಖಂಡದ ಬಲದಿಂದ ದ್ವಿಚಕ್ರದ ಎಲ್ಲ ವಿದ್ಯುತ್ ಗಾಡಿಗಳೂ ಕಾಯಿದೆಯಿಂದ ಹೊರಗೆ ಹೋಗುತ್ತವೆ. ಆಗ 2005ರ ಪರಂತುಕ ನಿರರ್ಥಕ. ಹೊರಗಿರುವುದನ್ನು ಹೊರಗಿಡಲು ನಿಯಮವೇಕೆ? ಶಾಸನದ ಯಾವ ಮಾತನ್ನೂ ವ್ಯರ್ಥವೆಂದು ಓದಕೂಡದೆಂಬುದು ಎಲ್ಲ ವ್ಯಾಖ್ಯಾನಕಾರರ ಒಮ್ಮತ. ಆದ್ದರಿಂದ ಸೊನ್ನೆಯ ಪಾಠ ನಿಲ್ಲುವುದಿಲ್ಲ. ಗಾತ್ರವೇ ಅನ್ವಯಿಸದೆಂದು ಓದಿದರೆ ಹುಡುಗಿಯ ಪಾಲಿಗೆ 4ನೆಯ ಪ್ರಕರಣದ ಅಪವಾದವೇ ಮುಚ್ಚಿಹೋಗುತ್ತದೆ. ಅವಳಿಗೆ ಉಳಿಯುವುದು ಏರನ್ನು ಹತ್ತಲಾರದ ವಿನಾಯಿತಿಯ ಗಾಡಿ. 2018ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ 16ರಿಂದ 18ರ ವಯಸ್ಸಿನವರಿಗೆ ಗೇರಿಲ್ಲದ ವಿದ್ಯುತ್ ಸ್ಕೂಟರನ್ನು ಕೊಡುವ ವಿಚಾರವನ್ನು ಪ್ರಕಟಿಸಿತ್ತು. ಆದರೆ ಕಾಯಿದೆಯ 4ನೆಯ ಪ್ರಕರಣದ ಮಾತು ಘನ ಸೆಂಟಿಮೀಟರಿನದಾಗಿಯೇ ಉಳಿದಿದೆ.

ಇದರ ಮೇಲೆ 2019ರ ತಿದ್ದುಪಡಿಯಿಂದ ಸೇರಿದ 199ಎ ಪ್ರಕರಣವನ್ನು ಇಟ್ಟು ನೋಡಬೇಕು. ಅಪ್ರಾಪ್ತ ವಯಸ್ಕರು ಮೋಟಾರು ವಾಹನದಲ್ಲಿ ಅಪರಾಧವೆಸಗಿದರೆ ಪೋಷಕನಿಗೆ ಅಥವಾ ಮಾಲೀಕನಿಗೆ ಮೂರು ವರ್ಷದವರೆಗೆ ಸೆರೆ ಮತ್ತು 25,000 ರೂಪಾಯಿ ದಂಡ, ವಾಹನದ ನೋಂದಣಿ 12 ತಿಂಗಳ ಕಾಲ ರದ್ದು. ಮಗಳು ಕಾಲೇಜಿಗೆ ಹೋಗಿಬರಲೆಂದು, ಬಿಚ್ಚಿಕೊಟ್ಟ ಗಾಡಿಯನ್ನು ಅರಿಯದೆ ಕೊಂಡ ತಂದೆ ಈ ಪ್ರಕರಣದ ಬಾಯಿಗೆ ಬೀಳಬಹುದು. ವಯಸ್ಸಿನ ಮಿತಿ ಬೇಡವೆಂದು ನಾವು ವಾದಿಸುತ್ತಿಲ್ಲ. ಮಿತಿಯನ್ನು ಈ ಯಂತ್ರಕ್ಕೆ ಇರುವ ಅಳತೆಯಲ್ಲಿ ಬರೆಯಬೇಕಾಗಿತ್ತು ಎಂಬುದಷ್ಟೆ ನಮ್ಮ ಮಾತು. ಜಪಾನಿನವರು 16 ಎಂದು ಬರೆದದ್ದು, ಜರ್ಮನಿಯವರು 14 ಎಂದು ಬರೆದದ್ದು ವೇಗವನ್ನು ಆಧಾರವಾಗಿಟ್ಟುಕೊಂಡು, ಇಲ್ಲದ ಸಿಲಿಂಡರನ್ನಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ರಾಜ್ಯ ಸರಕಾರವೇಕೆ ಇದನ್ನು ಸರಿಪಡಿಸಬಾರದೆಂದು ವಿದ್ಯಾರ್ಥಿಗಳು ಕೇಳುವುದುಂಟು. ಯಂತ್ರಚಾಲಿತ ವಾಹನಗಳು ಸಂವಿಧಾನದ ಸಮವರ್ತಿ ಪಟ್ಟಿಯ 35ನೆಯ ವಿಷಯ. ಅವುಗಳ ಮೇಲಿನ ತೆರಿಗೆ ರಾಜ್ಯಪಟ್ಟಿಯ 57ನೆಯದು. ಅದರಿಂದ ಸೀತೂರಿನ ಗಾಡಿಗೂ ಕಾಸರಗೋಡಿನ ಕನ್ನಡಿಗರ ಗಾಡಿಗೂ ತೆರಿಗೆ ಬೇರೆಯಾಗಬಹುದು, ಲಕ್ಷಣ ಮಾತ್ರ ಒಂದೇ. ಕರ್ನಾಟಕವು ವಿದ್ಯುತ್ ವಾಹನಗಳಿಗೆ 2017ರಲ್ಲಿಯೇ ನೀತಿಯೊಂದನ್ನು ಪ್ರಕಟಿಸಿ ಇತರ ರಾಜ್ಯಗಳಿಗಿಂತ ಮುಂದೆ ನಿಂತಿತು. 2021ರಲ್ಲಿ ವಿದ್ಯುತ್ ಬೈಕ್ ಟ್ಯಾಕ್ಸಿಯ ಯೋಜನೆಯನ್ನು ತಂದು 2024ರ ಮಾರ್ಚಿಯಲ್ಲಿ ಹಿಂತೆಗೆದುಕೊಂಡಿತು. ಇವೆರಡರಲ್ಲಿಯೂ ಉದ್ಯಮದ ಮತ್ತು ಬೆಂಗಳೂರಿನ ದೃಷ್ಟಿ ಎದ್ದು ಕಾಣುತ್ತದೆ, ಮಲೆನಾಡಿನದು ಕಾಣುವುದಿಲ್ಲ. ಆದರೆ 112 ಮತ್ತು 115ನೆಯ ಪ್ರಕರಣಗಳು ರಾಜ್ಯಕ್ಕೆ ರಸ್ತೆಯನ್ನು ನೋಡಿ ವೇಗವನ್ನು ತಗ್ಗಿಸುವ, ವಾಹನವನ್ನು ತಡೆಯುವ ಅಧಿಕಾರವನ್ನು ಕೊಟ್ಟಿವೆ. ವೇಗವನ್ನು ರಸ್ತೆಯ ಮೇಲೆ ಹಿಡಿಯುವ ಶಕ್ತಿ ಶಾಸನಕ್ಕೆ ಇರುವಾಗ, ಅದನ್ನು ಮೋಟಾರಿನೊಳಗೆ ವಾಟಿನ ರೂಪದಲ್ಲಿ ಹಿಡಿಯಲು ಹೋದದ್ದೇ ಮೂಲದ ತಪ್ಪೆಂದು ನಮಗೆ ತೋರುತ್ತದೆ.

ಹಾದಿಯಲ್ಲಿ ಒಂದು ಸಣ್ಣ ಮಾತು. 28ನೆಯ ಖಂಡವೇ ಹಳಿಯ ಮೇಲೆ ಓಡುವ ಬಂಡಿಯನ್ನೂ ಮೋಟಾರು ವಾಹನದಿಂದ ಹೊರಗಿಡುತ್ತದೆ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಒಂದು ಕಾಲದಲ್ಲಿ ಕಿರುಹಳಿಯ ರೈಲಿತ್ತು. ಅದು ಉಳಿದಿದ್ದರೆ ಈ ಲೇಖನದ ಅರ್ಧ ಭಾಗ ಬೇಕಾಗುತ್ತಿರಲಿಲ್ಲವೋ ಏನೋ.

ಇದುವರೆಗೆ ಏರಿನ ಮಾತಾಯಿತು. ಏರಿದ್ದು ಇಳಿಯಲೇಬೇಕಷ್ಟೆ. ನಿಯಮದ 25 ಕಿ.ಮೀ. ಮೋಟಾರು ಕೊಡುವ ವೇಗದ ಮಿತಿ. ಭೂಮಿಯ ಸೆಳೆತ ಕೊಡುವ ವೇಗಕ್ಕೆ ಅದು ಮಿತಿಯಲ್ಲ. 12ಕ್ಕೆ 1ರ ಉದ್ದನೆಯ ಇಳಿಜಾರಿನಲ್ಲಿ ಅದೇ 140 ಕಿಲೋ ತೂಕವನ್ನು ಬ್ರೇಕು ಹಿಡಿಯದೆ ಬಿಟ್ಟರೆ, ಗಾಳಿಯ ತಡೆಯನ್ನು ಕಳೆದೂ, 50 ಕಿ.ಮೀ.ಯನ್ನು ದಾಟುವುದು ಕಷ್ಟವಲ್ಲ. ‘ತಕ್ಕ ಬ್ರೇಕು’ಗಳೆಂದು ಹೇಳಿದ ಪಾಠ ಯಾವ ಇಳಿಜಾರಿಗೆ, ಎಷ್ಟು ತೂಕಕ್ಕೆ ತಕ್ಕದ್ದೆಂಬುದನ್ನು ಆ ಎರಡು ಶಬ್ದಗಳಲ್ಲಿ ಹೇಳುವುದಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಈ ಸೀಮೆಯ ರಸ್ತೆಯ ಮೇಲೆ ಪಾಚಿಯೂ ಕೆಸರೂ ಇರುತ್ತವೆ, ತಿರುವಿನಲ್ಲಿ ಬಸ್ಸು ಬರುತ್ತದೆ. ಹತ್ತುವಾಗ ನಡೆಯುವವನಷ್ಟು ನಿಧಾನವಾದ ಗಾಡಿ ಇಳಿಯುವಾಗ ಬಸ್ಸಿನಷ್ಟು ಜೋರು. ಆದರೆ ಶಿರಸ್ತ್ರಾಣವನ್ನು ವಿಧಿಸುವ 129ನೆಯ ಪ್ರಕರಣ ಹೇಳುವುದು ಮೋಟಾರು ಸೈಕಲಿನ ಸವಾರರ ಮಾತನ್ನು. ಮೋಟಾರು ಸೈಕಲೆಂದರೆ ಎರಡು ಗಾಲಿಯ ಮೋಟಾರು ವಾಹನ. ನಮ್ಮ ಗಾಡಿಯಾದರೋ ಮೋಟಾರು ವಾಹನವಲ್ಲವೆಂದು ಎಣಿಸಲ್ಪಟ್ಟದ್ದು. ಆದುದರಿಂದ ಇಳಿಜಾರಿನಲ್ಲಿ 50 ಕಿ.ಮೀ. ವೇಗದಲ್ಲಿ ಬರುತ್ತಿರುವ ಈ ಹುಡುಗಿಯ ತಲೆಗೆ ಶಿರಸ್ತ್ರಾಣ ಬೇಕೆಂದು ಕಾಯಿದೆಯಲ್ಲಿ ಎಲ್ಲಿಯೂ ಬರೆದಿಲ್ಲ. ಕಾಲೇಜುಗಳು ತಮ್ಮ ಆವರಣಕ್ಕೆ ಬರುವ ವಿದ್ಯಾರ್ಥಿಗಳಿಗೆ, ಗಾಡಿ ಯಾವ ವರ್ಗದ್ದೇ ಇರಲಿ, ಅದನ್ನು ತಮ್ಮ ಸ್ವಂತ ನಿಯಮದಿಂದ ವಿಧಿಸಬಹುದು. ಅದಕ್ಕೆ ದೆಹಲಿಯ ತಿದ್ದುಪಡಿಗಾಗಿ ಕಾಯಬೇಕಾಗಿಲ್ಲ.